ನನ್ನ ಹೆಸರಿನಲ್ಲಿ ತಿಂದ ಮಾಂಸ

ಅರ್ಸಿನೋಯೆ ಪಟ್ಟಣ,
ಪವೋನಿ ತಿಂಗಳ ಇಪ್ಪತ್ತನೆಯ ದಿನ.
ಇಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷ ಬರೆಯುವುದು ರೂಢಿ. ನಾನು ಬರೆಯುವುದಿಲ್ಲ.

ಹೆತ್ತವ್ವ ತಯೇಸಿಸಳಿಗೆ ಮಗಳು ಹೆರಾಯಿಸಳ ನಮಸ್ಕಾರಗಳು.

ಸೆರಾಪಿಸ್ ದೇವರ ಮುಂದೆ ದಿನವೂ ನಿನಗಾಗಿ ಅಡ್ಡಬೀಳುತ್ತೇನೆ ಎಂದು ಊರಿನ ಮಕ್ಕಳೆಲ್ಲ ತಾಯಿಗೆ ಬರೆಯುತ್ತಾರೆ. ನಾನು ಅಡ್ಡಬೀಳುವುದು ಸತ್ತು ಮೂರನೆಯ ದಿನ ಎದ್ದವನ ಮುಂದೆ. ಅಲ್ಲಿಯೂ ಮೊದಲು ಹೇಳುವ ಹೆಸರು ನಿನ್ನದೇ. ನೀನು ಕಳಿಸಿದ ಒಣಮೀನು ಬಂತು, ಉಪ್ಪು ಜಾಸ್ತಿಯಾಗಿದೆ. ಮೀನಿನ ಜೊತೆ ಅಧಿಕಾರಿಯ ರುಜುವಿರುವ ಆ ಕಾಗದವೂ ಬಂತು.

ಕತ್ತೆ ಹೊಡೆಯುವ ನೀಲೋಸನ ಬಾಯಿ ನಿನಗೆ ಗೊತ್ತಿಲ್ಲವೇ? ನಾವು ಇಪ್ಪತ್ತು ಜನ ಪ್ರಾರ್ಥನೆಗೆ ಕುಳಿತಿದ್ದಾಗ ಬಾಗಿಲಲ್ಲೇ ನಿಂತು ಡಂಗುರ ಸಾರಿದ: "ಹೆರಾಯಿಸಕ್ಕ, ನಿಮ್ಮವ್ವ ಹೇಳವ್ರೆ, ಇನ್ನ ಹೆದರ್ಕಬೇಡ. ನಿನ್ನ ಪಾಲಿನ ಹಂದಿಮಾಂಸ ತಿಂದಾಯ್ತಂತೆ."

ಚಕ್ರವರ್ತಿಯ ಆಜ್ಞೆಯಂತೆ ದೇವರುಗಳಿಗೆ ಮದ್ಯ ಎರೆದು, ಬಲಿಯ ಮಾಂಸ ತಿಂದು, ಅಧಿಕಾರಿಯ ರುಜು ಪಡೆಯದವರನ್ನು ಸೆರೆಗೆ ಹಾಕುತ್ತಾರೆಂದು ನೀನು ಹೆದರಿದೆ, ಸರಿ. ಅದಕ್ಕೆ ಚಿಕ್ಕಮ್ಮನ ಮಗಳು ದಿದೀಮೆಯನ್ನು ನನ್ನ ಹೆಸರಿನಲ್ಲಿ ನಿಲ್ಲಿಸಿದೆಯಲ್ಲ! 'ಹೆರಾಯಿಸ್, ವಯಸ್ಸು ಮೂವತ್ತೆರಡು, ಬಲಹುಬ್ಬಿನ ಮೇಲೆ ಗಾಯದ ಗುರುತು' ಎಂದು ಬರೆಸಿ, ಅವಳ ಹುಬ್ಬಿಗೆ ಇದ್ದಿಲಿನಲ್ಲಿ ಗಾಯವನ್ನೂ ಬರೆದೆಯಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮುಚ್ಚಿಡುವುದೇಕೆ? ಆ ರುಜು ಕಂಡ ಕೂಡಲೇ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬದುಕಿಕೊಂಡೆ ಅಂದುಕೊಂಡೆ. ಆಮೇಲೆ ಎಲ್ಲರ ಮುಖ ನೋಡಿದೆ.

ನಮ್ಮ ಹಿರಿಯರು ಕೊಪ್ರೆಸಯ್ಯನವರು ಕೆಟ್ಟವರಲ್ಲ. ನಾನು ತಿಂದಿಲ್ಲವೆಂದು ಎಷ್ಟು ಹೇಳಿದರೂ ತಲೆ ತಗ್ಗಿಸಿಕೊಂಡೇ ಕುಳಿತಿದ್ದರು.

"ಈ ಭಾನುವಾರ ನೀನು ಬೋಧನೆ ಮಾಡೋದು ಬೇಡ, ಮಗಳೇ. ಜನ ನಂಬಲ್ಲ," ಎಂದರು.

"ಅವತ್ತು ಗೋರಿಯಿಂದ ಓಡಿಬಂದ ಹೆಂಗಸರನ್ನ ಯಾರು ನಂಬಿದ್ರು, ಅಯ್ಯಾ?" ಎಂದೆ.

ನಿಜ ಅಲ್ಲವೇ ಅವ್ವ? ಗೋರಿ ಬರಿದಾಗಿದೆ ಎಂದು ಮೊದಲು ಸಾರಿದ್ದು ಹೆಂಗಸರು. ಗಂಡಸರು ಅದನ್ನು ಹುಚ್ಚುಮಾತು ಎಂದರು. ಆ ಗಂಡಸರೇ ಬಾಗಿಲಿಗೆ ಅಗುಳಿ ಹಾಕಿಕೊಂಡು ನಡುಗುತ್ತಿದ್ದವರು. ಅವನನ್ನು ಅರಿಯೆನೆಂದು ಬೆಂಕಿ ಕಾಯಿಸುತ್ತ ಮೂರು ಸಲ ಹೇಳಿದ ಪೇತ್ರನೇ ಐವತ್ತು ದಿನಗಳಲ್ಲಿ ನಡುಬೀದಿಯಲ್ಲಿ ನಿಂತು, ನೀವು ಕೊಂದವನನ್ನು ದೇವರು ಎಬ್ಬಿಸಿದ ಎಂದು ಕೂಗಿದ. ಮೀನು ಹಿಡಿಯುವವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಎದ್ದವನನ್ನು ಕಂಡಿದ್ದ, ಅಷ್ಟೇ.

ನಲವತ್ತು ವರ್ಷ ಹೆಣಗಳಿಗೆ ನಾರುಬಟ್ಟೆ ಸುತ್ತಿದವಳು ನೀನು. ಸುತ್ತಿಸಿಕೊಂಡವರು ಯಾರೂ ಎದ್ದು ಬಂದಿಲ್ಲ ಎಂದು ನನ್ನನ್ನು ಯಾವಾಗಲೂ ಹಂಗಿಸುತ್ತೀಯ. ನಿನ್ನ ಕೈಕಟ್ಟು ಗಟ್ಟಿ, ಒಪ್ಪುತ್ತೇನೆ. ಅದನ್ನೂ ಬಿಚ್ಚುವವನೊಬ್ಬ ಇದ್ದಾನೆ. ಇದನ್ನು ಹೇಳಬೇಕಾದ ಬಾಯಿಗೇ ನೀನು ಮಾಂಸ ತುರುಕಿದೆ.

ಅದಕ್ಕೇ ನಿನ್ನೆ ಆ ಕಾಗದ ತೆಗೆದುಕೊಂಡು ಪಟ್ಟಣದ ಅಧಿಕಾರಿಯ ಬಳಿಗೆ ಹೋದೆ. ಅವನ ಮೇಜಿನ ಮೇಲಿಟ್ಟು, ಇದರಲ್ಲಿರುವ ಹೆಸರು ನನ್ನದು, ತಿಂದ ಬಾಯಿ ನನ್ನದಲ್ಲ ಎಂದೆ. ಅವನು ಕೆಟ್ಟ ಮನುಷ್ಯನಲ್ಲ. ಸುಮ್ಮನೆ ಮನೆಗೆ ಹೋಗು ತಾಯಿ, ನಿನ್ನ ಕೆಲಸ ಆಗಿದೆಯಲ್ಲ ಎಂದ. ನಾನು ಕದಲಲಿಲ್ಲ. ಕೊಪ್ರೆಸಯ್ಯನವರಿಗೆ ಇಷ್ಟರಲ್ಲಿ ಸುದ್ದಿ ಮುಟ್ಟಿರುತ್ತದೆ.

ನಿನ್ನ ಮೇಲೆ ಸಿಟ್ಟಿದೆ. ಪ್ರೀತಿಯೂ ಇದೆ, ಅದು ಸಿಟ್ಟಿಗಿಂತ ಹಳೆಯದು. ಕಾಲಿನ ಊತಕ್ಕೆ ಎಣ್ಣೆ ತಿಕ್ಕಿಸಿಕೋ.

ನಿನ್ನ ಮಾತು ಯಾವತ್ತೂ ಕೇಳದ ಮಗಳು,
ಹೆರಾಯಿಸ್

ಮರೆತಿದ್ದು: ಈ ಪತ್ರ ಬರೆಯುತ್ತಿರುವುದು ಮನೆಯಿಂದಲ್ಲ, ಸೆರೆಮನೆಯಿಂದ. ನನ್ನ ಬದಲು ನಿಂತವಳು ಯಾರು, ನಿಲ್ಲಿಸಿದವರು ಯಾರು ಎಂದು ಅಧಿಕಾರಿ ಮೂರು ಸಲ ಕೇಳಿದ. ದಾರಿಹೋಕ ಹೆಂಗಸೊಬ್ಬಳನ್ನು ನಾನೇ ಕಳಿಸಿದೆ, ಈಗ ಮನಸ್ಸು ಬದಲಾಯಿತು, ನನ್ನವ್ವನಿಗೆ ಇದೊಂದೂ ತಿಳಿಯದು ಎಂದೆ. ಬರೆದುಕೊಂಡ. ನಿಜ ಹೇಳುತ್ತೇನೆಂದು ನೀನು ಓಡಿ ಬರಬೇಡ, ದಿದೀಮೆಯನ್ನೂ ಬರಲು ಬಿಡಬೇಡ. ಈ ಪತ್ರವನ್ನು ಓದಿದ ಕೂಡಲೇ ಒಲೆಗೆ ಹಾಕು. ಸುಳ್ಳು ಹೇಳಬಾರದೆಂದು ಪ್ರತಿ ಭಾನುವಾರ ಬೋಧಿಸಿದವಳು ನಾನೇ. ಇದೊಂದನ್ನು ದೇವರು ಕ್ಷಮಿಸಿಯಾನು. ಕ್ಷಮಿಸದಿದ್ದರೂ ನಾನು ಮಾತು ಬದಲಿಸುವವಳಲ್ಲ.