ಅಮ್ಮನ ಅಕ್ಷರ

ಪುಟ್ಟೀ,

ನಾನು ಆಸ್ಪತ್ರೆಯ ಬಟ್ಟೆ ಒಗೆಯಲು ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ, ಕುಡಿ.

ಆ ಸಣ್ಣ ಕಾಲೇಜಿನವರು ನಿನ್ನ ಅರ್ಜಿ ವಾಪಸು ಕಳಿಸಿದ್ದಾರೆ. "ಏನು ಕಲಿಯುವ ಆಸೆ?" ಎಂಬಲ್ಲಿ ನಾನೇ "ವಿಜ್ಞಾನ" ಎಂದು ಬರೆದಿದ್ದೆ. "ಇದು ಅಮ್ಮನ ಅಕ್ಷರ, ಮಗಳೇ ಬರೆಯಲಿ" ಎಂದು ಅಲ್ಲಿನ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಚಿದ್ದಾರೆ. ಈ ವಯಸ್ಸಿನಲ್ಲಿ ನನ್ನನ್ನು ತಿದ್ದಲು ಬರುತ್ತಾರೆ!

ಮೈಯೆಲ್ಲ ಉರಿಯಿತು. ಆದರೆ ಗುಂಪಿಗೆ ಹೆದರುವ ನಿನ್ನನ್ನು ದಿನವೂ ಈಗಿನ ದೊಡ್ಡ ಶಾಲೆಯ ಗೇಟಿನವರೆಗೆ ಎಳೆದುಕೊಂಡು ಹೋಗಿ ನನಗೂ ಸಾಕಾಗಿದೆ. ಆ ಕಾಲೇಜಿನಲ್ಲಾದರೆ ಇಪ್ಪತ್ತೇ ಮಕ್ಕಳು. ಇವತ್ತು ನಾಲ್ಕು ಗಂಟೆಯೊಳಗೆ ಅರ್ಜಿ ಕೊಡದಿದ್ದರೆ ಸೀಟು ಹೋಯಿತು.

ನಾನು ಬರೆದದ್ದನ್ನು ಉಜ್ಜಿ ಅಳಿಸಿದ್ದೇನೆ. ಕಾಗದ ತೆಳ್ಳಗಾಗಿದೆ, ಪೆನ್ನು ಒತ್ತಬೇಡ. ಏನು ಬರೆದೆ ಎಂದು ಕೇಳುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆ, ಆದರೆ ನೀನೇ ಬರೆ.

ಅಮ್ಮ