ಪೋಷಕರ ಸಹಿ

ಶನಿವಾರ, ಮಧ್ಯಾಹ್ನ

ಪ್ರೀತಿಯ ಮರಿಗೆ,

ನಲವತ್ತೆರಡು ವರ್ಷದ ಹೆಂಗಸನ್ನು ಮರಿ ಎಂದು ಕರೆದರೆ ನಿನಗೆ ಸಿಟ್ಟು ಬರಬಹುದು. ಬರಲಿ. ಈ ವಾರದವರೆಗೆ ನಿನ್ನ ಪೂರ್ತಿ ಹೆಸರನ್ನು ನಾನು ಕೈಯಾರೆ ಬರೆದದ್ದು ಹಾಜರಿ ಪುಸ್ತಕದಲ್ಲಿ, ಆಮೇಲೆ ಒಂದೇ ಒಂದು ನೋಟೀಸಿನಲ್ಲಿ. ಈ ಕಾಗದ ಅವೆರಡರ ಹಾಗೆ ಆಗಬಾರದು ಎಂದು ಆಸೆ.

ಮೊದಲಿಗೆ ಒಂದು ಸಣ್ಣ ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ಭಾನುವಾರ ನೀನು ಫೋನ್ ಮಾಡಿ, ನಿಂತ ಓದು ಮುಂದುವರಿಸಲು ಕಳಿಸಿದ ಫಾರಂ ಬಂತಾ ಎಂದು ಕೇಳಿದೆಯಲ್ಲ, ಇನ್ನೂ ಬಂದಿಲ್ಲ, ಈ ಅಂಚೆಯವನದು ಯಾವಾಗಲೂ ಇದೇ ಕಥೆ ಎಂದೆ. ಅದು ಬಂದು ಆರು ದಿನವಾಗಿತ್ತು. ಫೋನಿನ ಪಕ್ಕದಲ್ಲೇ, ಅಂಟು ಹಚ್ಚಿ ಒಣಗಲು ಇಟ್ಟ ಚರ್ಚಿನ ಹಾಡಿನ ಪುಸ್ತಕಗಳ ಕೆಳಗೆ ಇತ್ತು. ಬಿಸಿಲಿನಲ್ಲಿ ಸೈಕಲ್ ತುಳಿದು ತಂದು ಕೊಟ್ಟವನ ಮೇಲೆ ಗೂಬೆ ಕೂರಿಸಿದೆ. ಅವನು ಮರುದಿನ ಬಂದಾಗ ಒಂದು ಲೋಟ ತಣ್ಣನೆ ನೀರು ಕೊಟ್ಟೆ, ಅವನಿಗೆ ಯಾಕೆಂದು ತಿಳಿಯಲಿಲ್ಲ.

ಫಾರಂ ಜೊತೆ ನೀನಿಟ್ಟ ಚೀಟಿಯನ್ನೂ ಓದಿದೆ. ಎರಡೇ ಸಾಲು. ಪದವಿ ಮುಗಿಸಿದರೆ ಡಾಕ್ಟರು ಹೊಸ ಕ್ಲಿನಿಕ್ಕಿನ ಮೇಲ್ವಿಚಾರಣೆ ನಿನಗೇ ಕೊಡುತ್ತಾರೆ ಎಂದು ಒಂದು, ‘ನಿಮಗೆ ಇಷ್ಟವಿದ್ದರೆ ಮಾತ್ರ’ ಎಂದು ಇನ್ನೊಂದು. ಹದಿನಾರು ವರ್ಷ ಹಲ್ಲಿನ ಡಾಕ್ಟರ ಮುಂದಿನ ಮೇಜಿನಲ್ಲಿ ಕೂತು ಊರವರ ನೋವಿಗೆಲ್ಲ ಗಂಟೆ ನಿಮಿಷ ಹಂಚಿದವಳು, ಹೆತ್ತ ತಾಯಿಗೆ ‘ನಿಮಗೆ’ ಎಂದು ಬರೆದಿದ್ದೀಯ. ನನ್ನ ಕಟ್ಟಿಸಿದ ಹಲ್ಲೇ ಕಳಚಿ ಬಿದ್ದ ಹಾಗಾಯಿತು. ನಗು ಬಂತು, ಆಮೇಲೆ ಬಹಳ ಹೊತ್ತು ಅತ್ತೆ.

ಯಾಕೆ ಬಚ್ಚಿಟ್ಟೆ ಎಂದು ಹೇಳಬೇಕಲ್ಲ. ಫಾರಂ ಕೊಡಲು ಕೊನೆಯ ದಿನ ನಿನ್ನೆ, ಶುಕ್ರವಾರ. ಚರ್ಚಿನವರು ಕಟ್ಟಿಸಿದ ಸಂಜೆ ತರಗತಿಗಳ ಹಾಲಿಗೆ ನನ್ನ ಹೆಸರಿಡಲು ಗೊತ್ತು ಮಾಡಿದ್ದು ನಾಳೆ, ಭಾನುವಾರ. ಹೇಗೋ ಶುಕ್ರವಾರ ದಾಟಿಬಿಟ್ಟರೆ ಭಾನುವಾರ ನೆಮ್ಮದಿಯಾಗಿ ಕೂರಬಹುದು ಎಂದು ಲೆಕ್ಕ ಹಾಕಿದ್ದೆ. ಎಪ್ಪತ್ತೇಳು ವರ್ಷದವಳ ಲೆಕ್ಕ ಇದು. ನಿನಗೆ ಬೈಯಬೇಕು ಅನ್ನಿಸಿದರೆ ಇಲ್ಲಿ ನಿಲ್ಲಿಸಿ ಬೈದು ಮುಂದೆ ಓದು.

ನಿವೃತ್ತಳಾದ ಮೇಲೆ ನಾನೇನು ಮಾಡಿಕೊಂಡಿದ್ದೇನೆಂದು ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವರ್ಷಕ್ಕೆ ನಾಲ್ಕು ಫೋನು, ಅದರಲ್ಲಿ ಬಿಸಿಲು, ಮಳೆ, ಮಂಡಿನೋವು. ಸೋಮವಾರ ಆಸ್ಪತ್ರೆಯ ವಾರ್ಡಿಗೆ ಹೋಗಿ, ಬರೆಯಲು ಬಾರದವರ ಕಾಗದ ಬರೆದು ಕೊಡುತ್ತೇನೆ. ಬುಧವಾರ ಹೆಂಗಸರ ಜೈಲಿನಲ್ಲಿ ಅಕ್ಷರ ಕಲಿಸುತ್ತೇನೆ. ಅವರು ನಮ್ಮ ಕಾಲೇಜಿನ ಲೆಕ್ಚರರುಗಳಿಗಿಂತ ಸಮಯಕ್ಕೆ ಸರಿಯಾಗಿ ಬರುತ್ತಾರೆ, ಅವರಿಗೆ ಬೇರೆ ದಾರಿಯಿಲ್ಲ ಅನ್ನು. ಉಳಿದ ದಿನ ಚರ್ಚಿನ ಕೆಲಸ. ಹಾಡಿನ ಪುಸ್ತಕಕ್ಕೆ ಬೆನ್ನು ಕಟ್ಟುವುದು, ಬೆಂಚು ಒರೆಸುವುದು, ಸಭಾಪಾಲಕರ ಭಾನುವಾರದ ಬೋಧನೆ ಇಪ್ಪತ್ತು ನಿಮಿಷ ದಾಟಿದರೆ ಗಡಿಯಾರ ನೋಡುವುದು. ಕಾಲೇಜಿನಲ್ಲಿ ನನ್ನನ್ನು ಸ್ಕೇಲಮ್ಮ ಎನ್ನುತ್ತಿದ್ದರೆಂದು ನನಗೆ ಗೊತ್ತಿತ್ತು. ಚರ್ಚಿನಲ್ಲೂ ಆ ಹೆಸರು ಹೇಗೋ ಬಂದು ಸೇರಿಕೊಂಡಿದೆ. ಇದೆಲ್ಲ ಸೇವೆ ಎಂದು ಜನ ಹೊಗಳುತ್ತಾರೆ. ಆದರೆ ಕೈ ಖಾಲಿಯಾದ ದಿನ ನನಗೆ ಹೆದರಿಕೆಯಾಗುತ್ತದೆ ಮರಿ, ಅದಕ್ಕೇ ಖಾಲಿ ಬಿಡುವುದಿಲ್ಲ.

ನಿನ್ನ ಫಾರಂನಲ್ಲಿ ಏಳನೆಯ ಕಲಮು ನೀನೂ ಓದಿರುತ್ತೀಯ. ಶಿಸ್ತುಕ್ರಮದಿಂದ ಓದು ನಿಂತವರು, ಪೋಷಕರ ಸಹಿ ಇರುವ ಕ್ಷಮಾಪಣೆ ಪತ್ರ ಕಡತದಲ್ಲಿದೆ ಎಂದು ತೋರಿಸಬೇಕು. ಇಲ್ಲವಾದರೆ, ಆಗ ಪ್ರಿನ್ಸಿಪಾಲರಾಗಿದ್ದವರು ಆ ಕ್ರಮವನ್ನು ಹಿಂತೆಗೆದುಕೊಂಡೆ ಎಂದು ಹೇಳಿಕೆ ಕೊಡಬೇಕು, ಕಾರಣಸಹಿತ. ಆ ಪ್ರಿನ್ಸಿಪಾಲಳೂ ನಾನೇ, ಕ್ಷಮಾಪಣೆ ಪತ್ರದ ಆ ನಿಯಮ ಮಾಡಿದ್ದೂ ನಾನೇ.

ಇಪ್ಪತ್ತೆರಡು ವರ್ಷದ ಹಿಂದಿನದನ್ನು ನಾವಿಬ್ಬರೂ ಒಮ್ಮೆಯೂ ಬಾಯಿ ಬಿಟ್ಟು ಆಡಿಲ್ಲ. ನಾನೇ ಶುರು ಮಾಡುತ್ತೇನೆ. ಹಾಸ್ಟೆಲಿನಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಒಂಬತ್ತು ಹುಡುಗಿಯರಿಗೆ ಕಾಮಾಲೆಯಾಯಿತು. ಟ್ಯಾಂಕಿನ ನೀರು ಕೆಟ್ಟಿದೆ ಎಂದು ಏಳು ಜನ ನನ್ನ ಆಫೀಸಿನ ಮೆಟ್ಟಿಲ ಮೇಲೆ ಕೂತಿರಿ. ನೀನು ನನ್ನ ಜೊತೆ ಕ್ವಾರ್ಟರ್ಸಿನಲ್ಲಿದ್ದವಳು, ಕಾಯಿಸಿ ಸೋಸಿದ ನೀರು ಕುಡಿದವಳು. ನಾನು ಮೆಟ್ಟಿಲಿಳಿದು ಬಂದು, ಯಾರಿಗೂ ಕೇಳದ ಹಾಗೆ ಬಗ್ಗಿ, “ನೀನು ಆ ನೀರು ಕುಡಿಯೋದೇ ಇಲ್ಲ, ನಿನಗ್ಯಾಕೆ ಇದು?” ಎಂದೆ. “ಕುಡಿಯಲ್ಲ, ಅದಕ್ಕೇ ಕೂತಿದ್ದೀನಿ,” ಎಂದು ನೀನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ನನಗೆ ಮೈ ಉರಿದುಹೋಯಿತು. ಒಳಗೆಲ್ಲೋ ಹೆಮ್ಮೆಯೂ ಆಗಿತ್ತು ಎಂದು ಈಗ ಹೇಳಿದರೆ ಅದು ಪುಕ್ಕಟೆ ಮಾತು, ಆದರೂ ಆಗಿತ್ತು.

ಮೂರನೆಯ ದಿನ ಏಳು ಜನರನ್ನೂ ಅಮಾನತು ಮಾಡಿದೆ. ಪರೀಕ್ಷೆಗೆ ಎರಡು ವಾರವಿತ್ತು. ‘ಹಾಸ್ಟೆಲಿನ ನೀರಿನ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ’ ಎಂದು ಬರೆದು, ಕೆಳಗೆ ಪೋಷಕರ ಸಹಿ ಹಾಕಿಸಿ ತಂದರೆ ಪರೀಕ್ಷೆಗೆ ಕೂರಬಹುದು ಎಂದೆ. ಆರು ಜನರ ಅಪ್ಪ ಅಮ್ಮ ಬಂದರು, ಸಹಿ ಹಾಕಿದರು. ನೀನು ನಾಲ್ಕು ದಿನ ಹಟ ಹಿಡಿದೆ. ಐದನೆಯ ದಿನ, ನಾನು ಊಟಕ್ಕೆ ಕೂತಾಗ, ನನ್ನ ತಟ್ಟೆಯ ಪಕ್ಕದಲ್ಲಿ ಕಾಗದ ಇಟ್ಟು, “ಅಮ್ಮ, ಸಹಿ ಹಾಕು. ನಾನು ಪರೀಕ್ಷೆ ಬರೀಬೇಕು,” ಎಂದೆ. ಆ ಕಾಗದ ಬರೆಯಲು ನಿನಗೆ ಎಷ್ಟು ಕಷ್ಟವಾಗಿತ್ತೆಂದು ನಿನ್ನ ಅಕ್ಷರ ನೋಡಿದರೇ ತಿಳಿಯುತ್ತಿತ್ತು. ನಾನು ಅನ್ನ ಕಲಸುತ್ತಲೇ, ಇದು ಮನೆ, ಆಫೀಸಿಗೆ ತಗೊಂಡು ಬಾ ಎಂದೆ.

ಮರುದಿನ ನೀನು ಅದನ್ನು ಆಫೀಸಿಗೆ ತಂದೆ. ಗುಮಾಸ್ತರು ಅಲ್ಲೇ ಇದ್ದರು. ನಾನು ಕಾಗದವನ್ನು ತಿರುಗಿಸಿ ನೋಡಿ, ಪೋಷಕರ ಸಹಿ ಎಲ್ಲಿ ಎಂದು ಕೇಳಿದೆ. ನೀನು ನನ್ನ ಮುಖವನ್ನೇ ನೋಡಿದೆ. “ಪೋಷಕರನ್ನ ಎಲ್ಲಿ ಹುಡುಕಲಿ, ಮೇಡಂ?” ಎಂದೆ. ಗುಮಾಸ್ತರು ತಲೆ ಬಗ್ಗಿಸಿ, ಒಣಗದ ಸ್ಟಾಂಪ್ ಪ್ಯಾಡಿಗೆ ಸುಮ್ಮನೆ ಶಾಯಿ ಹನಿಸುತ್ತಾ ನಿಂತರು. ನಿನ್ನ ಅಪ್ಪ ತೀರಿಹೋಗಿ ಆಗಲೇ ಹನ್ನೊಂದು ವರ್ಷವಾಗಿತ್ತು.

ಅಂದು ಸಂಜೆ ಚಿಕ್ಕಮ್ಮನ ಮನೆಗೆ ಹೋಗಿಬರುತ್ತೇನೆಂದು ಹೋದವಳು ನೀನು ಬರಲಿಲ್ಲ. ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ: ಪ್ರಿನ್ಸಿಪಾಲಳು ತನ್ನ ಮಗಳ ಕಾಗದಕ್ಕೆ ತಾನೇ ಸಹಿ ಹಾಕಿ ತಾನೇ ತಗೊಂಡರೆ ಅದು ಪಕ್ಷಪಾತವಲ್ಲವೇ? ಎಲ್ಲರೂ ಹೌದು ಹೌದು ಎಂದರು. ಆ ಭಾನುವಾರ ಆಗಿನ ಸಭಾಪಾಲಕರು ವೇದಿಕೆಯಿಂದಲೇ, ಹೆಸರು ಹೇಳದೆ, ಕರುಳಿಗಿಂತ ಕರ್ತವ್ಯ ದೊಡ್ಡದೆಂದು ತೋರಿಸಿದ ತಾಯಿಯೊಬ್ಬರು ನಮ್ಮ ನಡುವೆ ಇದ್ದಾರೆ ಎಂದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನಗದು ಹಿತವಾಗಿತ್ತು.

ಈಗ ದೊಡ್ಡದು. ನೀವು ಮೆಟ್ಟಿಲ ಮೇಲೆ ಕೂತ ಎರಡನೆಯ ದಿನವೇ ನೀರಿನ ಪರೀಕ್ಷೆಯ ವರದಿ ನನ್ನ ಕೈಗೆ ಬಂದಿತ್ತು. ನೀರು ಕೆಟ್ಟಿತ್ತು. ಕುಡಿಯಲು ಯೋಗ್ಯವಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. ಆ ವಾರ ಮಾನ್ಯತೆಗಾಗಿ ತಪಾಸಣೆ ತಂಡ ಬರುವುದಿತ್ತು. ಚರ್ಚು ಕಷ್ಟಪಟ್ಟು ಕಟ್ಟಿದ ಹೆಣ್ಣುಮಕ್ಕಳ ಕಾಲೇಜು, ಮುಚ್ಚಿಹೋದರೆ ಎಷ್ಟೋ ಹುಡುಗಿಯರು ಮನೆ ಸೇರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ವರದಿಯನ್ನು ನಿಂತಲ್ಲೇ ಓದಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಅಡುಗೆಯವರಿಗೆ ನೀರು ಕಾಯಿಸಿ ಕೊಡಿ ಎಂದು ಮಾತ್ರ ಹೇಳಿದೆ. ರಜೆ ಬಂದ ಮೇಲೆ, ಸುಣ್ಣ ಬಳಿಯುವ ನೆಪದಲ್ಲಿ ಟ್ಯಾಂಕು ತೊಳೆಸಿದೆ. ಕಾಮಾಲೆ ನಿಂತಿತು. ನೀವು ಏಳು ಜನವೂ ಹೇಳಿದ್ದು ನಿಜ, ಮರಿ. ಸುಳ್ಳು ಹೇಳಿದವಳು ನಾನೊಬ್ಬಳೇ.

ಮಂಗಳವಾರ ನಿನ್ನ ಫಾರಂ ಹೊರಗೆ ತೆಗೆದೆ. ಬೇರೆ ಹಾಳೆಯಲ್ಲಿ ಹೇಳಿಕೆ ಬರೆದು, ಕಾರಣ ಎಂಬಲ್ಲಿ ‘ಮಾನವೀಯ ದೃಷ್ಟಿಯಿಂದ’ ಎಂದು ಹಾಕಿದೆ. ನೋಡಲು ಬಹಳ ಲಕ್ಷಣವಾಗಿತ್ತು. ನಿನಗೆ ಪದವಿ, ನನಗೆ ಹಾಲಿನ ಮೇಲೆ ಹೆಸರು. ಹಾಗೇ ಕಳಿಸಿಬಿಡುತ್ತಿದ್ದೆನೇನೋ. ಆದರೆ ನಿನ್ನ ಡಾಕ್ಟರು ಆ ಕಾಗದ ಓದಿ, ನೀನು ಏನೋ ತಪ್ಪು ಮಾಡಿದ್ದೆ, ಮುದುಕಿ ಕನಿಕರಪಟ್ಟು ಬಿಟ್ಟಿದ್ದಾಳೆ ಎಂದುಕೊಳ್ಳುವುದು ಕಣ್ಣಿಗೆ ಕಟ್ಟಿತು. ಆ ಹಾಳೆ ಹರಿದು ಹಾಕಿ ಸಭಾಪಾಲಕರ ಮನೆಗೆ ಹೋದೆ. ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನಿನಗಿಂತ ಚಿಕ್ಕವನು. “ಭಾನುವಾರ ಒಂದು ಕಳೀಲಿ ಮೇಡಂ. ಯಾವತ್ತೋ ಹರಿದುಹೋದ ನೀರು ಅದು,” ಎಂದರು. ಇಷ್ಟೇ ಮೆತ್ತಗೆ, ಇದೇ ಧಾಟಿಯಲ್ಲಿ ನಾನು ಎಷ್ಟು ಪೋಷಕರನ್ನು ಆಫೀಸಿನಿಂದ ವಾಪಸು ಕಳಿಸಿದ್ದೇನೋ. ಅವರಿಗೆ ನನ್ನ ಹೆಸರಿನ ಬೋರ್ಡು ಇಳಿಸಿ ಎಂದು ಹೇಳಿ ಎದ್ದು ಬಂದೆ.

ಗುರುವಾರ ಆಟೋದಲ್ಲಿ ಕಾಲೇಜಿಗೆ ಹೋಗಿ ಹೇಳಿಕೆಯನ್ನು ನಾನೇ ಕೊಟ್ಟೆ. ಏಳೂ ಹುಡುಗಿಯರ ಹೆಸರು ಬರೆದಿದ್ದೇನೆ, ವರದಿಯ ವಿಷಯವನ್ನೂ ಬರೆದಿದ್ದೇನೆ. ನಿನ್ನ ಫಾರಂ ಸೇರಿತು. ಸೀಲು ಹಾಕಿಸಿದ ಪ್ರತಿ ಇದರ ಜೊತೆ ಇದೆ, ಭದ್ರವಾಗಿಟ್ಟುಕೋ.

ಎಲ್ಲಕ್ಕಿಂತ ಕಷ್ಟದ್ದು ನಿನ್ನೆ ನಡೆಯಿತು. ಚರ್ಚಿನಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂರುವ ಹೊಲಿಗೆಯಾಕೆ ನಿನಗೆ ಗೊತ್ತು, ನಿನ್ನ ಜೊತೆ ಕೂತ ಆರು ಜನರಲ್ಲಿ ಒಬ್ಬಳ ತಾಯಿ. ಈ ಹದಿನೇಳು ವರ್ಷ ವೇದಿಕೆಯ ಬಟ್ಟೆಗೆ ನಾನು ಅಳತೆ ಹಿಡಿದರೆ ಅವಳು ಕತ್ತರಿಸಿದ್ದಾಳೆ. ನನ್ನನ್ನು ಅಕ್ಕ ಎನ್ನುತ್ತಾಳೆ. ಬೇರೆಯವರ ಬಾಯಿಂದ ಕೇಳಬಾರದೆಂದು ಅವಳ ಅಂಗಡಿಗೆ ಹೋಗಿ ಹೇಳಿದೆ. ಅವಳು ಮಿಷನ್ನು ನಿಲ್ಲಿಸಿದಳು. “ಸುಳ್ಳು ಹೇಳಿದೆ ಅಂತ ಅವತ್ತು ಮನೇಲಿ ಅವಳಿಗೆ ಹೊಡೆದಿದ್ದೆ ಅಕ್ಕ. ಇಲ್ಲಮ್ಮ, ನಿಜ, ನಿಜ ಅಂತ ಅಳ್ತಾ ಇದ್ದಳು. ಆದ್ರೂ ಹೊಡೆದೆ,” ಎಂದಳು. ಮತ್ತೆ ಮಿಷನ್ನು ತುಳಿಯತೊಡಗಿದಳು. ಇನ್ನು ಹೋಗಿ ಎಂದು ಬಾಯಲ್ಲಿ ಹೇಳಲಿಲ್ಲ. ನಾನು ಅಂಗಡಿಯ ಮೆಟ್ಟಿಲಿಳಿದು ಬಂದೆ.

ನಾಳೆ ಚರ್ಚಿಗೆ ಹೋಗುತ್ತೇನೆ. ಎಲ್ಲರೂ ಸೇರಿ ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆಯನ್ನು ಇಷ್ಟು ವರ್ಷ ನಾನೇ ಗಟ್ಟಿಯಾಗಿ ಹೇಳಿಕೊಟ್ಟಿದ್ದೇನೆ. ಯಾವ ಪಾಪ, ಯಾರದ್ದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಅದರ ಅನುಕೂಲವೇ ಅದು. ನಾಳೆ ಕೇಳಿಬಿಟ್ಟರೆ, ಹಿಂದಿನ ಬೆಂಚು ಖಾಲಿಯಾಗಿದ್ದರೆ, ಎಂದು ಭಯವಾಗುತ್ತಿದೆ. ಆದರೂ ಹೋಗುತ್ತೇನೆ. ನನ್ನನ್ನು ಕ್ಷಮಿಸು ಎಂದು ಕೇಳಲು ನನಗೆ ನಾಚಿಕೆ. ಚೆನ್ನಾಗಿ ಓದು. ಹೊಸ ಕ್ಲಿನಿಕ್ಕಿನಲ್ಲಿ ಎಲ್ಲರನ್ನೂ ಹೆದರಿಸಬೇಡ, ಆ ಗುಣ ನಿನಗೆ ಎಲ್ಲಿಂದ ಬಂತೆಂದು ಇಬ್ಬರಿಗೂ ಗೊತ್ತು.

ಇಂತಿ,
ನಿನ್ನ ಅಮ್ಮ

ಮತ್ತೆ ಬರೆಯುವುದು: ಕಾಗದ ಮಡಿಸಿ ಅಂಟಿಸಲು ಹೋದವಳು ಮತ್ತೆ ಬಿಚ್ಚಿದೆ. ಪಕ್ಷಪಾತವಾಗುತ್ತದೆ ಎಂದು ನಿನ್ನ ಕಾಗದಕ್ಕೆ ಸಹಿ ಹಾಕಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಎಲ್ಲರಿಗೂ ಹೇಳಿ ಹೇಳಿ ನಾನೇ ನಂಬಿಕೊಂಡದ್ದು. ಅಂದು ಊಟದ ಮೇಜಿನ ಮೇಲೆ ನನ್ನ ಕೈ ಪೆನ್ನಿಗೆ ಹೋಗಿತ್ತು. ‘ಸುಳ್ಳು ಸುದ್ದಿ ಹಬ್ಬಿಸಿದ್ದಕ್ಕೆ’ ಎಂದು ನಿನ್ನ ಅಕ್ಷರದಲ್ಲಿ ಓದಿದೆ. ನನ್ನ ಮಗಳು ಸುಳ್ಳಿ ಎಂದು, ವರದಿ ಓದಿದ ಕಣ್ಣಿನಿಂದಲೇ ನೋಡಿ ಸಹಿ ಹಾಕಲು ನನ್ನಿಂದ ಆಗಲಿಲ್ಲ. ಇದನ್ನು ಪ್ರೀತಿ ಎಂದು ತಿಳಿಯಬೇಡ. ಪ್ರೀತಿಯಾಗಿದ್ದರೆ ಎದ್ದು ಹೋಗಿ ಡ್ರಾಯರಿನ ಬೀಗ ತೆಗೆಯುತ್ತಿದ್ದೆ. ನಾನು ಹಾಕಲಾರದ ಆ ಸಹಿಯನ್ನು, ನಿಜ ಗೊತ್ತಿಲ್ಲದ ಆರು ಹುಡುಗಿಯರ ತಾಯಿತಂದೆಯರ ಕೈಯಲ್ಲಿ ಹಾಕಿಸಿಕೊಂಡೆ.