ಕೂತಲ್ಲಿ ಆರೋಗ್ಯವಾಗಿ ಕಂಡ ನನ್ನ ತಮ್ಮ

ಮಾನವ ಹಕ್ಕುಗಳ ಅಂತರರಾಷ್ಟ್ರೀಯ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನೀವು ನನ್ನ ತಮ್ಮನನ್ನು ಕೂರಿಸಿ ಮಾತಾಡಿಸಿದಿರಿ. ನನ್ನ ದೂರು ಅಷ್ಟೇ. ಕಳೆದ ತಿಂಗಳು ನಿಮ್ಮ ನಿಯೋಗ ನಮ್ಮ ಕೇಂದ್ರ ಕಾರಾಗೃಹಕ್ಕೆ ಬಂತು. ಅಧೀಕ್ಷಕರ ಕೋಣೆಯಲ್ಲಿ, ಬಟ್ಟೆ ಹಾಸಿದ ಮೇಜಿನ ಆಚೆ ಕೂತಿದ್ದ ಅವನನ್ನು ಕಂಡು, 'ಬಂಧಿತರು ಆರೋಗ್ಯವಾಗಿ ಕಂಡರು, ಯಾವುದೇ ದೂರು ಹೇಳಲಿಲ್ಲ' ಎಂದು ವರದಿ ಬರೆಯಿತು. ಮೇಜಿನ ಬಟ್ಟೆ ನೆಲ ಮುಟ್ಟುತ್ತಿತ್ತಲ್ಲವೇ? ಅದರ ಕೆಳಗೇನಿದೆ ಎಂದು ಒಮ್ಮೆ ಬಗ್ಗಿ ನೋಡಲು ನಿಮ್ಮ ಸೊಂಟಕ್ಕೇನಾಗಿತ್ತು? ದೂರು ಕೇಳುವಾಗ ಅವನ ಮಗ್ಗುಲಲ್ಲೇ ಅಧೀಕ್ಷಕರು ಕೂತಿದ್ದರು ಎಂಬುದೂ ನಿಮ್ಮ ವರದಿಯಿಂದಲೇ ತಿಳಿಯುತ್ತದೆ, ಅವರ ಸಂಪೂರ್ಣ ಸಹಕಾರಕ್ಕೆ ನೀವು ಕೃತಜ್ಞತೆ ಸಲ್ಲಿಸಿದ ಸಾಲಿನಲ್ಲಿ.

ನಾನು ಕಾನೂನು ಕಾಲೇಜಿನಲ್ಲಿ ನಿಮ್ಮ ಒಪ್ಪಂದಗಳನ್ನೇ ಪಾಠ ಮಾಡಿ ನಿವೃತ್ತಳಾದವಳು. ಆದ್ದರಿಂದ ದಯವಿಟ್ಟು ನನಗೆ ಕಲಂ ತೋರಿಸಿ ಸಮಾಧಾನ ಹೇಳಲು ಬರಬೇಡಿ. ನಮ್ಮ ಮನೆಗೆ ಆ ಕಾನೂನು ಪುಸ್ತಕದಿಂದ ಬಂದದ್ದಲ್ಲ, ಅಪ್ಪನ ಕಾಲಿನಿಂದ ಬಂದದ್ದು.

ಅಪ್ಪ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಆಗ ನಮ್ಮನ್ನು ಆಳುತ್ತಿದ್ದದ್ದು ನಿಮ್ಮ ದೇಶ. ಮಾನವ ಹಕ್ಕುಗಳ ವಿಶ್ವ ಘೋಷಣೆಗೆ ನಿಮ್ಮವರು ಕೈ ಎತ್ತಿ ಒಪ್ಪಿಗೆ ಕೊಟ್ಟ ಸುದ್ದಿ ಇಲ್ಲಿಗೂ ತಲುಪಿತು. ಅಪ್ಪ ಅದನ್ನು ನಮ್ಮ ಭಾಷೆಯಲ್ಲಿ ಒಂದು ದೊಡ್ಡ ಹಾಳೆಗೆ ಇಳಿಸಿದರು. ಕೊನೆಯಲ್ಲಿ ತಮ್ಮದೇ ಒಂದು ಸಾಲು ಸೇರಿಸಿದರು: 'ಇದು ನಮಗೂ ಅನ್ವಯಿಸುತ್ತದೆ.' ಹಾಳೆ ಗೋಡೆ ಹತ್ತಿದ ವಾರವೇ ಅಪ್ಪ ಠಾಣೆಯಲ್ಲಿದ್ದರು. ನಿಮ್ಮ ದೇಶ ಒಪ್ಪಿದ ಮಾತನ್ನು ಅಚ್ಚು ಹಾಕಿದ್ದಕ್ಕೆ ನಿಮ್ಮ ದೇಶದ ತುರ್ತು ಕಾಯ್ದೆಯಡಿ ರಾಜದ್ರೋಹ! ಬೆಂಚಿನ ಮೇಲೆ ಅಂಗಾತ ಕಟ್ಟಿ, ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಬಿಗಿದು, ಒದ್ದೆ ಬೆತ್ತದಲ್ಲಿ ಅಂಗಾಲಿಗೆ ಹೊಡೆದರು. ಬೆನ್ನಿನ ಬರೆ ನೋಡಬಂದವರಿಗೆ ಕಾಣುತ್ತದೆ, ಅಂಗಾಲು ತೋರಿಸು ಎಂದು ಯಾರೂ ಕೇಳುವುದಿಲ್ಲ. ಮೇಲೆ ಚರ್ಮ ಒಡೆಯದೆ ಒಳಗೆ ಮಾಂಸ ಕಲಸಿಹೋಗುತ್ತದೆ. ಆಮೇಲೆ ಬಾವು ಇಳಿಯಲೆಂದು ನೀರು ಚೆಲ್ಲಿದ ನೆಲದ ಮೇಲೆ ಅದೇ ಕಾಲಲ್ಲಿ ಓಡಿಸಿದರು. ಬಿದ್ದಾಗ ತಲೆಕೂದಲು ಹಿಡಿದು ಎತ್ತಿ ಮತ್ತೆ ಓಡಿಸಿದರು. ಬೆತ್ತ ಹಿಡಿದವರು ನಮ್ಮವರೇ. ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದವರು ನಿಮ್ಮವರು. ಪ್ರಶ್ನೆ ಒಂದೇ, ಪ್ರತಿ ಏಟಿಗೂ ಅದೇ.

"ಇದು ನಿನಗೂ ಅಂತ ನಿನಗೆ ಹೇಳಿದ್ದು ಯಾರು?"

ಅದಕ್ಕೆ ಉತ್ತರವನ್ನು ಮುಂದೆ ನಿಮ್ಮ ಖಂಡದ ಮಾನವ ಹಕ್ಕುಗಳ ಒಡಂಬಡಿಕೆಯೇ ಕೊಟ್ಟಿತು, ಯಾರೂ ಹೇಳಿಲ್ಲ ಎಂದು. ಸಹಿ ಹಾಕಿದ ದೇಶ ತಾನು ಆಳುವ ನಾಡುಗಳಿಗೂ ಈ ಹಕ್ಕುಗಳು ಸಲ್ಲುತ್ತವೆ ಎಂದು ಪ್ರತ್ಯೇಕವಾಗಿ ತಿಳಿಸಿದರೆ ಮಾತ್ರ ಸಲ್ಲುತ್ತವಂತೆ. ಹೊಡೆಯುವವನನ್ನೇ ಕೇಳಬೇಕು, ಸ್ವಾಮೀ, ಇವನಿಗೆ ನೋವಾಗಬಹುದೇ ಎಂದು. ಅದೂ ಸಾಲದೆಂದು ಇನ್ನೊಂದು ಕಲಂ: ರಾಷ್ಟ್ರದ ಜೀವಕ್ಕೇ ಅಪಾಯವೆನಿಸಿದಾಗ ಹಲವು ಹಕ್ಕುಗಳನ್ನು ಬದಿಗಿಡಬಹುದು. ಅದು ಬೇಕೇಬೇಕೆಂದು ಪಟ್ಟುಹಿಡಿದವರಲ್ಲಿ ದೂರದ ನಾಡುಗಳಲ್ಲಿ ದಂಗೆ ಅಡಗಿಸುತ್ತಿದ್ದವರೂ ಇದ್ದರು. ಹಿಂಸೆಗೆ ಮಾತ್ರ ಯಾವ ತುರ್ತಿನಲ್ಲೂ ಅವಕಾಶವಿಲ್ಲ ಎಂದು ಬರೆದುಕೊಂಡಿರಿ, ಸಂತೋಷ. ಆದರೆ ಯಾವ ಏಟು ಹಿಂಸೆ, ಯಾವುದು ಬರೀ ಒರಟುತನ ಎಂದು ಅಳೆಯಲು ಕೂತವರು ಯಾರು? ಬೆಂಚಿಗೆ ಕಟ್ಟಿಸಿಕೊಂಡವರೇ?

ನಮ್ಮವರನ್ನೇನೂ ನಾನು ಬಿಡುವುದಿಲ್ಲ. ನೀವು ಹಡಗು ಹತ್ತಿದಿರಿ, ನಮ್ಮವರು ಕಾಯ್ದೆಯ ಮೇಲಿನ ನಿಮ್ಮ ಮುದ್ರೆ ಕೆರೆದು ತಮ್ಮದನ್ನು ಒತ್ತಿಕೊಂಡರು. ಒಳಗೆ ಒಂದಕ್ಷರ ಬದಲಾಗಲಿಲ್ಲ. ಈಗ ನಮ್ಮ ಮಂತ್ರಿಗಳು ಮೈಕು ಸಿಕ್ಕಾಗಲೆಲ್ಲ ಮಾನವ ಹಕ್ಕು ಪರದೇಶದ ಸರಕು ಎಂದು ಗುಡುಗುತ್ತಾರೆ. ಹಾಗಾದರೆ ಬೆತ್ತ? ತುರ್ತು ಕಾಯ್ದೆ? ಒಂದೇ ಹಡಗಿನಲ್ಲಿ ಬಂದ ಎರಡರಲ್ಲಿ ಒಂದನ್ನು ಅಪ್ಪಿ ಇನ್ನೊಂದನ್ನು ಒದೆಯುವ ಇವರ ಸ್ವಾಭಿಮಾನಕ್ಕೆ ಏನೆನ್ನಬೇಕು?

ಓದುವ ದಿನಗಳಲ್ಲಿ ನಾನೂ ಒಮ್ಮೆ ಸಿಟ್ಟಿನಿಂದ ಆ ಘೋಷಣೆಯನ್ನು ಹರಿದು ಬಿಸಾಡಬೇಕೆಂದಿದ್ದೆ. ಅಪ್ಪ ತಲೆ ಎತ್ತದೆ ಹೇಳಿದರು, "ಅವರು ಬರೆದ್ರು ಅಂತ ನಾನ್ಯಾಕೆ ಬಿಡ್ಲಿ? ಮೊಳೆ ಜೋಡ್ಸಿದ್ದು ನಾನು, ಏಟು ತಿಂದಿದ್ದು ನಾನು. ಅದ್ರಲ್ಲಿ ಅವರಿಗಿಂತ ನನ್ನ ಪಾಲೇ ಜಾಸ್ತಿ ಕಣಮ್ಮ."

ಅಪ್ಪನದೊಂದು ರೂಢಿಯಿತ್ತು. ಊಟವಾದ ಮೇಲಾಗಲಿ, ನೆಂಟರು ಹೊರಡುವಾಗಾಗಲಿ, ತಾವು ಮೊದಲು ಏಳುತ್ತಿರಲಿಲ್ಲ. 'ನೀವು ಮೊದಲು ಹೊರಡಿ' ಎಂದು ನಗುತ್ತಿದ್ದರು. ಬಂದವರಿಗೆ ಅದು ಮರ್ಯಾದೆಯಾಗಿ ಕಾಣುತ್ತಿತ್ತು. ಒಂದು ದಿನ ನಾನು ಬಾಗಿಲ ಸಂದಿಯಿಂದ ನೋಡಿದೆ. ಮೇಜಿಗೆ ಎರಡೂ ಕೈ ಊರಿ, ಹಲ್ಲು ಕಚ್ಚಿ, ಪಾದಗಳ ಹೊರ ಅಂಚಿನ ಮೇಲೆ ಎದ್ದು ನಿಂತರು. ಅಂದಿನಿಂದ ಅವರು ತೀರಿಕೊಳ್ಳುವವರೆಗೂ ನಾವು ಮಕ್ಕಳು ಯಾವಾಗಲೂ ಮೊದಲೇ ಎದ್ದು ಹೊರಟುಬಿಡುತ್ತಿದ್ದೆವು.

ಈಗ ಮುದ್ರಣಾಲಯ ತಮ್ಮನದು. ತುರ್ತು ಪರಿಸ್ಥಿತಿ ಘೋಷಣೆಯಾದಾಗ ಅವನು ಮಾಡಿದ್ದಿಷ್ಟೇ: ಅಪ್ಪನ ಹಾಳೆಯನ್ನು ಮತ್ತೆ ಅಚ್ಚು ಹಾಕಿದ, ಆ ಕೊನೆಯ ಸಾಲಿನ ಸಮೇತ. ಅದೇ ಕಾಯ್ದೆಯಡಿ ಹಿಡಿದುಕೊಂಡು ಹೋದರು. ನಾನು ನಿಮಗೆ ಅರ್ಜಿ ಹಾಕಿದೆ. ಮೊದಲು ನಮ್ಮ ದೇಶದ ನ್ಯಾಯಾಲಯಗಳಲ್ಲೇ ಪ್ರಯತ್ನಿಸಿ ಬರಬೇಕು ಎಂದಿರಿ. ಈ ಕಾಯ್ದೆಯ ಪ್ರಕರಣಗಳನ್ನು ನ್ಯಾಯಾಲಯಗಳು ಕೇಳುವಂತೆಯೇ ಇಲ್ಲ, ಅದನ್ನು ಬರೆದ ನಿಮ್ಮ ಹಿರಿಯರಿಗೆ ಅಷ್ಟು ಮುಂದಾಲೋಚನೆಯಿತ್ತು.

ನಿಮ್ಮ ನಿಯೋಗ ಹೋದ ಮೇಲೆ ನನಗೊಮ್ಮೆ ಭೇಟಿ ಸಿಕ್ಕಿತು. ಅದೇ ಕೋಣೆ, ಅದೇ ಮೇಜು, ಅದೇ ಬಟ್ಟೆ. ತಮ್ಮ ಶುಭ್ರವಾದ ಅಂಗಿ ತೊಟ್ಟು ಕೂತಿದ್ದ. ಊಟ ಚೆನ್ನಾಗಿದೆ ಎಂದ, ಹಿತ್ತಲ ಗಿಡಕ್ಕೆ ನೀರು ಹಾಕುತ್ತಿದ್ದೀಯಾ ಎಂದು ಕೇಳಿದ. ಸಮಯವಾಯಿತು ಎಂದು ಕಾವಲಿನವನು ಗದರಿದಾಗ ಅವನು ನಕ್ಕ.

"ನೀನು ಮೊದಲು ಹೊರಡಕ್ಕ."

ಅವನಿಗೆ ಅಪ್ಪನಷ್ಟು ಚೆನ್ನಾಗಿ ನಗಲು ಬರುವುದಿಲ್ಲ. ನಾನು ಎದ್ದು ಹೊರಟೆ. ಬಾಗಿಲಲ್ಲಿ ನಿಂತು ತಿರುಗಿದೆ. ಇಬ್ಬರು ಅವನ ಕಂಕುಳಿಗೆ ಕೈ ಕೊಟ್ಟು ಎತ್ತುತ್ತಿದ್ದರು. ಪಾದಗಳಿಗೆ ಚಪ್ಪಲಿ ಹಿಡಿಸದಷ್ಟು ಬಾವು, ಬಣ್ಣ ಕಪ್ಪುನೀಲಿ. ನೆಲಕ್ಕೆ ತಾಗಿದೊಡನೆ ಅವನ ಬಾಯಿಂದ ಬಂದ ಸದ್ದು ಅಕ್ಷರದಲ್ಲಿ ಬರೆಯಲಾಗುವಂಥದ್ದಲ್ಲ. ಮೂರನೆಯವನು ಬಾಗಿಲನ್ನು ನನ್ನ ಮುಖಕ್ಕೇ ಹಾಕಿದ. ತುಟಿ ಸೀಳಿತು. ಹೊಲಿಗೆಯ ಗುರುತು ಇನ್ನೂ ಇದೆ. ಅದಾದರೂ ನಿಮ್ಮ ಅಳತೆಗೆ ಬರುತ್ತದೆಯೋ ಇಲ್ಲವೋ.

ಸುಳ್ಳು ಹೇಳುವುದಿಲ್ಲ. ನಿಮ್ಮ ವರದಿ ಓದಿದ ದಿನ ನಿಮ್ಮನ್ನು ಆ ಬೆಂಚಿಗೆ ಬಿಗಿದು, ನಿಮ್ಮ ಮೆತ್ತಗಿನ ಅಂಗಾಲಿಗೆ ನಾನೇ ಬೆತ್ತ ಬೀಸಿ, 'ಇದು ಹಿಂಸೆಯೋ ಒರಟುತನವೋ, ಹೇಳಿ' ಎಂದು ಕೇಳಬೇಕೆನಿಸಿತು. ಆದರೆ ಅಪ್ಪನ ಹಾಳೆ ನಿಮಗೂ ಅನ್ವಯಿಸುತ್ತದೆ. ನಿಮ್ಮ ಪುಣ್ಯ.

ತಮ್ಮನ ವಿಚಾರಣೆ ಇನ್ನೂ ಮುಗಿದಿಲ್ಲ, ಅಂದರೆ ಹೊಡೆತ ಮುಗಿದಿಲ್ಲ. ಆದ್ದರಿಂದ ನನಗೆ ನಿಮ್ಮ ವಿಷಾದ ಬೇಡ, ಕಳವಳ ಬೇಡ, ಮುಂದಿನ ಅಧಿವೇಶನದ ನಿರ್ಣಯ ಬೇಡ. ಈ ವಾರವೇ ಹೇಳದೆ ಕೇಳದೆ ಬನ್ನಿ. ವೈದ್ಯರನ್ನು ಕರೆತನ್ನಿ, ಅಧೀಕ್ಷಕರನ್ನು ಹೊರಗೆ ಕಳಿಸಿ. ಅವನೆದುರು ಕೂತು ಏನು ಬೇಕಾದರೂ ಕೇಳಿ, ಊಟದ ಬಗ್ಗೆಯೇ ಕೇಳಿ. ಮಾತು ಮುಗಿದಾಗ ಅವನು ನಕ್ಕು, ನೀವು ಮೊದಲು ಹೊರಡಿ ಎನ್ನುತ್ತಾನೆ. ಹೊರಡಬೇಡಿ. ಅವನು ಏಳುವವರೆಗೆ ಕೂತೇ ಇರಿ.

ಇಂತಿ,
ಮೊದಲೇ ಎದ್ದು ಹೊರಟುಬಂದ
ಅವನ ಅಕ್ಕ